ಟಿಎಫ್-51ಡಿ: ಎಷ್ಟು ಟ್ರಿಮ್ ಮಾಡಿದರೂ ನೇರ ಹಾರುತ್ತಿಲ್ಲ, ಎಡಕ್ಕೆ ವಾಲುತ್ತಿದೆ

ಕೋಥ್ರೂಡ್_ಗರುಡ, ಪುಣೆ

ಕಂಪ್ಯೂಟರಿನ ಯುದ್ಧವಿಮಾನ ಸಿಮ್ಯುಲೇಟರ್ ಡಿಸಿಎಸ್ ಜತೆ ಉಚಿತವಾಗಿ ಬರುವ ಟಿಎಫ್-51ಡಿ (ಪಿ-51 ಮಸ್ಟಾಂಗ್‌ನ ಗನ್ ಇಲ್ಲದ ರೂಪ). ಪೆಡಲ್ ಇಲ್ಲ, ಮೂತಿಯನ್ನು ಎಡ-ಬಲ ತಿರುಗಿಸುವ ರಡ್ಡರ್‌ಗೆ ತಿರುಚುವ ಜಾಯ್‌ಸ್ಟಿಕ್ಕೇ ಗತಿ. 5000 ಅಡಿಗೆ ಏರಿ ಸಮಕ್ಕೆ ತಂದು ಕೈ ಬಿಟ್ಟರೆ ಮೂತಿ ಏಳುತ್ತೆ. ಎಲಿವೇಟರ್ (ಮೂತಿ ಏರಿಳಿಸುವುದು) ಟ್ರಿಮ್, ಅಂದರೆ ಸ್ಟಿಕ್ ಹಿಡಿಯದೆಯೂ ಅದು ನಿಂತಲ್ಲೇ ನಿಲ್ಲುವಂತೆ ಮಾಡುವ ಹೊಂದಾಣಿಕೆ, ಒತ್ತಿ ಇಳಿಸಿದರೆ ಒಂದು ನಿಮಿಷದೊಳಗೆ ಕೆಳಗೆ ಹೋಗ್ತಿರುತ್ತೆ, ಮತ್ತೆ ಎತ್ತಬೇಕು. ಎಡ ರೆಕ್ಕೆಯೂ ತಗ್ಗುತ್ತೆ. ಏಲರಾನ್ (ರೆಕ್ಕೆ ವಾಲಿಸುವುದು) ಟ್ರಿಮ್ ಕೊಟ್ಟರೆ ರೆಕ್ಕೆ ಸಮ ಆಗುತ್ತೆ, ಆದರೆ ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಮೀಟರಿನ ಬಾಲ್ ಬಲಗಡೆಗೆ ಹೋಗಿ ಕೂರುತ್ತೆ.

ಯಾವುದನ್ನು ಮೊದಲು ಟ್ರಿಮ್ ಮಾಡಬೇಕು? ಥ್ರಾಟಲ್ ಮುಟ್ಟಿದಾಗಲೆಲ್ಲ ಮತ್ತೆ ಮಾಡಬೇಕಾ? ಮುಂದೆ ಸ್ಪಿಟ್‌ಫೈರ್ ಅಥವಾ 109 (ಜರ್ಮನಿಯ ಮೆಸರ್‌ಶ್ಮಿಟ್) ತಗೊಳ್ಳೋ ಯೋಚನೆ ಇದೆ, ಅವುಗಳಲ್ಲೂ ಹೀಗೇನಾ?

ಡೊಂಬಿವಲಿ ಹದ್ದು, ಮುಂಬೈ

ಟ್ರಿಮ್ ಎತ್ತರವನ್ನು ಹಿಡಿಯುವುದಿಲ್ಲ ಮಾರಾಯ್ರೆ, ವೇಗವನ್ನು ಹಿಡಿಯುತ್ತದೆ. ಏರುವಾಗಿನ ಟ್ರಿಮ್ ಏರುವಾಗಿನ ವೇಗಕ್ಕೆ ಸರಿ. ಸಮಕ್ಕೆ ಬಂದ ಮೇಲೆ ವೇಗ ಇನ್ನೂ ಏರುತ್ತಿರುವಾಗಲೇ ಕೈ ಬಿಟ್ಟರೆ ಮೂತಿ ಏಳದೆ ಏನು ಮಾಡುತ್ತದೆ? ಆಗ ಟ್ರಿಮ್ ಒತ್ತಿದರೆ ಓಡುತ್ತಿರುವ ವೇಗವನ್ನು ಅಟ್ಟಿಸಿಕೊಂಡು ಹೋದ ಹಾಗೆ.

ಹೀಗೆ ಮಾಡಿ. 5000 ಅಡಿಯಲ್ಲಿ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ) 36 ಇಂಚು, 2300 ಆರ್‌ಪಿಎಂ ಇಟ್ಟು ಥ್ರಾಟಲ್‌ನಿಂದ ಕೈ ತೆಗೆಯಿರಿ. ಸ್ಟಿಕ್ ಹಿಡಿದೇ ಮೂತಿಯನ್ನು ದಿಗಂತದ ಮೇಲೆ ಒಂದೇ ಕಡೆ ನಿಲ್ಲಿಸಿ. ವೇಗದ ಮುಳ್ಳು ಅಲುಗಾಡದೆ ನಿಲ್ಲುವ ತನಕ ಕಾಯಿರಿ, ಒಂದು ನಿಮಿಷವಾದರೂ ಬೇಕು. ಆಮೇಲೆ ಕೈ ಯಾವ ಕಡೆಗೆ ಒತ್ತುತ್ತಿದೆಯೋ ಆ ಕಡೆಗೇ ಎಲಿವೇಟರ್ ಟ್ರಿಮ್, ಚಿಕ್ಕ ಚಿಕ್ಕ ಒತ್ತುಗಳಲ್ಲಿ. ನಿಜವಾದ ವಿಮಾನದಲ್ಲಿ ಟ್ರಿಮ್ ಆದಂತೆ ಸ್ಟಿಕ್ಕಿನ ಭಾರ ತಾನಾಗಿ ಇಳಿಯುತ್ತದೆ. ಸ್ಪ್ರಿಂಗ್ ಇರುವ ಜಾಯ್‌ಸ್ಟಿಕ್ಕಿಗೆ ಅದು ತಿಳಿಯುವುದಿಲ್ಲ, ಹಾಗಾಗಿ ಪ್ರತಿ ಒತ್ತಿಗೂ ಸ್ವಲ್ಪ ಸ್ವಲ್ಪವೇ ಸ್ಟಿಕ್ಕನ್ನು ನಡುವಿಗೆ ಬಿಡುತ್ತಾ ಬನ್ನಿ. ಏರಿಳಿತದ ಮುಳ್ಳನ್ನು ನೋಡಿ ಟ್ರಿಮ್ ಮಾಡಬೇಡಿ, ಅದು ತಡವಾಗಿ ತೋರಿಸುತ್ತದೆ. ದಿಗಂತ ನೋಡಿ.

ಕೈ ಬಿಟ್ಟ ಮೇಲೂ ನಿಧಾನಕ್ಕೆ ಏರಿ ಇಳಿಯುವ ಒಂದು ತೂಗಾಟ ಉಳಿಯುತ್ತದೆ. ಗಂಟೆಗೆ 250 ಮೈಲಿಯಲ್ಲಿ ಅದರ ಒಂದು ಸುತ್ತಿಗೆ ಸುಮಾರು 50 ಸೆಕೆಂಡ್ ಬೇಕು. ನೀವು ಹೇಳಿದ "ಒಂದು ನಿಮಿಷದೊಳಗೆ ಕೆಳಗೆ" ಬಹುಶಃ ಇದೇ. ಅದನ್ನು ಟ್ರಿಮ್‌ನಿಂದ ಹಿಡಿಯಲು ಹೋದರೆ ತೂಗಾಟ ದೊಡ್ಡದಾಗುತ್ತದೆ. ಸ್ಟಿಕ್ಕಿನಿಂದ ತಣಿಸಿ, ಟ್ರಿಮ್ ಮುಟ್ಟಬೇಡಿ.

ಎರಡನೆಯದು ರಡ್ಡರ್, ಕೊನೆಗೆ ಏಲರಾನ್. ನೀವು ಇದನ್ನು ತಲೆಕೆಳಗು ಮಾಡಿದ್ದೀರಿ. ಮೂತಿ ಎಡಕ್ಕೆ ತಿರುಗುತ್ತಿದೆ, ಅದರಿಂದಲೇ ಎಡ ರೆಕ್ಕೆ ತಗ್ಗುತ್ತಿದೆ. ಏಲರಾನ್ ಕೊಟ್ಟು ರೆಕ್ಕೆ ಎತ್ತಿದರೆ ವಿಮಾನ ಓರೆಯಾಗಿಯೇ ಜಾರುತ್ತದೆ, ಬಾಲ್ ಬಲದಲ್ಲಿ ಕೂರುವುದು ಅದಕ್ಕೇ. ಏಲರಾನ್ ಸೊನ್ನೆಗೆ ತನ್ನಿ, ರೆಕ್ಕೆಯನ್ನು ಸ್ಟಿಕ್ಕಿನಿಂದ ಸಮ ಹಿಡಿಯಿರಿ, ಬಾಲ್ ಹೋದ ಕಡೆಗೇ ರಡ್ಡರ್ ಟ್ರಿಮ್ ಕೊಡಿ. ಬಾಲ್ ನಡುವೆ ಬಂದ ಮೇಲೂ ರೆಕ್ಕೆ ತಗ್ಗಿದರೆ ಮಾತ್ರ ಏಲರಾನ್. ಗನ್ ಇರುವ ಪಿ-51ಡಿಗೆ ಹೋದಾಗ ಇದು ಇನ್ನೂ ಮುಖ್ಯ: ಜಾರುತ್ತಿರುವ ವಿಮಾನದಿಂದ ಹೊಡೆದ ಗುಂಡು ಗುರಿಯ ಪಕ್ಕಕ್ಕೆ ಹೋಗುತ್ತದೆ.

ಥ್ರಾಟಲ್ ಮುಟ್ಟಿದರೆ ಮತ್ತೆ ಮಾಡಬೇಕು, ಹೌದು. ವೇಗ ಕಡಿಮೆ, ಪವರ್ ಜಾಸ್ತಿ ಇದ್ದಾಗ ಬಲ ರಡ್ಡರ್ ಬೇಕು. ಟೇಕಾಫ್‌ಗೆ ರಡ್ಡರ್ ಟ್ರಿಮ್ 6 ಡಿಗ್ರಿ ಬಲಕ್ಕೆ ಇಡುವುದು ಅದಕ್ಕೇ. ಥ್ರಾಟಲ್ ಇಳಿಸಿ ಡೈವ್ ಮಾಡಿದಾಗ ಎಡಕ್ಕೆ ಬೇಕಾಗುತ್ತದೆ.

ವಾಸ್ಕೊ_ಗಾಳಿಪಟ, ಗೋವಾ

ಮ್ಯಾಲಿನವರು ಹೇಳಿದ್ದು ಖರೆ ಅದ. ಆದ್ರ ಟ್ರಿಮ್ ಮಾಡೋಕಿಂತ ಮೊದಲ ಮೂರು ಕಡೆ ನೋಡ್ರಿ.

ಒಂದು, ಆಪ್ಷನ್ಸ್‌ನ ಸ್ಪೆಷಲ್ ಪುಟದಾಗ ಈ ವಿಮಾನಕ್ಕ ಆಟೊ ರಡ್ಡರ್, ಟೇಕಾಫ್ ಅಸಿಸ್ಟ್ ಅಂತ ಅವ. ಎರಡೂ ತಗೀರಿ. ಆಟೊ ರಡ್ಡರ್ ತಾನ ರಡ್ಡರ್ ಒತ್ತತಿದ್ರ ನೀವು ಬಾಲ್ ನೋಡಿ ಕೊಟ್ಟ ಟ್ರಿಮ್‌ಗೆ ಅರ್ಥನ ಉಳಿಯಂಗಿಲ್ಲ. ಕಲಿಯೋ ಮಿಷನ್‌ನಾಗ ಗಾಳಿನೂ ಸೊನ್ನೆ ಇಡ್ರಿ.

ಎರಡು, ಜಾಯ್‌ಸ್ಟಿಕ್. ವಿಂಡೋಸ್‌ನ ರನ್‌ನಾಗ "ಜಾಯ್ ಡಾಟ್ ಸಿಪಿಎಲ್" ಹಾಕಿ, ಕೈ ಬಿಟ್ಟು ನೋಡ್ರಿ. ಗುರುತು ನಡುವ ನಿಲ್ಲದ ಅದುರತಿದ್ರ ಯಾವ ಟ್ರಿಮ್ಮೂ ಉಪಯೋಗಿಲ್ಲ. ಅಗ್ಗದ ಸ್ಟಿಕ್ಕಿನೊಳಗ ಇರೋದು ಪೊಟೆನ್ಶಿಯೋಮೀಟರ್. ಧೂಳು ಕೂತರ, ಮಳೆಗಾಲದ ತೇವ ಹಿಡಿದರ ಹಿಂಗ ಆಗ್ತದ. ಕಾಂಟ್ಯಾಕ್ಟ್ ಕ್ಲೀನರ್ ಹೊಡದು 20-30 ಸಲ ಆ ಕಡೆ ಈ ಕಡೆ ಆಡಸ್ರಿ. ನಿಮಗ ಬುಧವಾರ ಪೇಠದ ತಪ್ಕೀರ್ ಗಲ್ಲಿಯಾಗ, ಮುಂಬೈದವರಿಗೆ ಲ್ಯಾಮಿಂಗ್ಟನ್ ರೋಡ್‌ನಾಗ ಸಿಗ್ತದ. ತುಕ್ಕು ಬಿಡಸೋ ಎಣ್ಣಿ ಸ್ಪ್ರೇ ಬ್ಯಾಡ್ರಿ, ಅದರ ಜಿಡ್ಡು ಉಳದು ಮತ್ತ ಧೂಳು ಹಿಡೀತದ. ಆಮ್ಯಾಲ ಡೆಡ್‌ಝೋನ್ (ನಡುವಿನ ಸಣ್ಣ ಅಲುಗಾಟ ಲೆಕ್ಕಕ್ಕ ತಗೊಳ್ಳದ ಜಾಗ) 3 ರಿಂದ 5 ಇಡ್ರಿ, ಜಾಸ್ತಿ ಬ್ಯಾಡ.

ಮೂರು, ಪೆಟ್ರೋಲ್. ಎರಡೂ ರೆಕ್ಕೆಯಾಗ 92 ಗ್ಯಾಲನ್‌ದ ಒಂದೊಂದು ಟ್ಯಾಂಕ್ ಅದ. ಒಂದರಿಂದನ 30 ಗ್ಯಾಲನ್ ಉರದ್ರ ಎರಡೂ ಕಡೆ ಸುಮಾರು 80 ಕೆ.ಜಿ. ಫರಕ್ ಬೀಳ್ತದ. ಇದಕ್ಕ ಏಲರಾನ್ ಟ್ರಿಮ್ ಕೊಡೋದಕಿಂತ ಟ್ಯಾಂಕ್ ಬದಲಿ ಮಾಡೋದು ಚಲೋ.

ಕೋಥ್ರೂಡ್_ಗರುಡ, ಪುಣೆ

ಆಟೊ ರಡ್ಡರ್ ಆನ್ ಇತ್ತು, ತೆಗೆದೆ. ತಿರುಚುವ ಅಕ್ಷ ಮಾತ್ರ ಅದುರುತ್ತಿತ್ತು, ಅದಕ್ಕೆ ಡೆಡ್‌ಝೋನ್ 4 ಇಟ್ಟಿದೀನಿ. ಹೇಳಿದ ಕ್ರಮದಲ್ಲಿ ಮಾಡಿದರೆ ಕೈ ಬಿಟ್ಟು ನಕ್ಷೆ ನೋಡುವಷ್ಟು ಹೊತ್ತು ನಿಲ್ಲುತ್ತೆ. ಬಲ ಟ್ಯಾಂಕಲ್ಲೇ ಹಾರಿಸ್ತಿದ್ದೆ, ಎಡ ರೆಕ್ಕೆ ಭಾರ ಆಗಿದ್ದಕ್ಕೆ ಅದೂ ಒಂದು ಕಾರಣ. ಇಬ್ಬರಿಗೂ ಥ್ಯಾಂಕ್ಸ್. 109 ಬಗ್ಗೆ ಯಾರಾದರೂ ಹೇಳಿ.

ಪನ್ವೇಲ್ ಪೈಲಟ್, ನವಿ ಮುಂಬೈ

ಸ್ಪಿಟ್‌ಫೈರ್ 9ರಲ್ಲಿ ಎಲಿವೇಟರ್, ರಡ್ಡರ್ ಎರಡಕ್ಕೇ ಟ್ರಿಮ್, ಏಲರಾನ್‌ಗೆ ಇಲ್ಲ. ಅದರ ಮುಖ್ಯ ಟ್ಯಾಂಕುಗಳು ಪೈಲಟ್ ಮುಂದೆ, ದೇಹದ ನಡುವೆಯೇ ಇರುವುದರಿಂದ ಪೆಟ್ರೋಲ್ ಖರ್ಚಾದರೂ ರೆಕ್ಕೆ ಒಂದು ಕಡೆಗೆ ಭಾರವಾಗುವುದಿಲ್ಲ. ಪಿ-51 ಕಲಿತವರಿಗೆ ಇದೇ ಸುಲಭ.

109ರಲ್ಲಿ ಟ್ರಿಮ್ ಎಂದರೆ ಬಾಲದ ಅಡ್ಡರೆಕ್ಕೆಯ ಕೋನವನ್ನೇ ಬದಲಿಸುವ ಚಕ್ರ. ಎಡಗೈ ಬದಿಯಲ್ಲಿ, ಫ್ಲ್ಯಾಪ್ ಚಕ್ರದ ಪಕ್ಕದಲ್ಲೇ ಇದೆ. ರಡ್ಡರ್, ಏಲರಾನ್‌ಗೆ ನೆಲದ ಮೇಲೆ ಬಗ್ಗಿಸಿಡುವ ತಗಡಿನ ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ಏರುವಾಗ ಬಲ ರಡ್ಡರನ್ನು ನೀವೇ ಹಿಡಿದಿರಬೇಕು. ತಿರುಚುವ ಸ್ಟಿಕ್ಕಿನಲ್ಲಿ ಅದು ಕೈಗೆ ನೋವು, ಪೆಡಲ್ ಕೊಂಡ ಮೇಲೆ 109 ತೆಗೆದುಕೊಳ್ಳಿ.

ಇನ್ನೊಂದು. ವೇಗದ ಡೈವ್‌ನಲ್ಲಿ 109ರ ಎಲಿವೇಟರ್ ಬಿಗಿಯಾಗಿ ಮೂತಿ ಏಳುವುದೇ ಇಲ್ಲ, ಆಗ ಈ ಚಕ್ರವೇ ಕಾಪಾಡುವುದು. ಆದರೆ ಒಂದೇ ಸಲ ತುಂಬ ತಿರುಗಿಸಿದರೆ ವೇಗ ಇಳಿಯುತ್ತಿದ್ದಂತೆ ಎಲಿವೇಟರ್‌ಗೆ ಹಿಡಿತ ಮರಳಿ, ಎರಡೂ ಸೇರಿ ಮೂತಿಯನ್ನು ಧಡಕ್ಕನೆ ಎತ್ತುತ್ತವೆ. ರೆಕ್ಕೆ ಮುರಿಯಬಹುದು, ಇಲ್ಲವೇ ಪೈಲಟ್‌ಗೆ ಕಣ್ಣು ಕತ್ತಲೆ ಬರಬಹುದು. ಸ್ವಲ್ಪ ತಿರುಗಿಸಿ, ಮೂತಿ ಏಳಲು ಶುರುವಾದ ಕೂಡಲೇ ಅಷ್ಟನ್ನೇ ಹಿಂದಕ್ಕೆ ತಿರುಗಿಸುತ್ತಾ ಬನ್ನಿ.