ಫೋಟೋ ‘ತೊಳೆಯುವುದೋ’, ‘ಮೂಡಿಸುವುದೋ’?

ಎಲ್ಲರಿಗೂ ನಮಸ್ಕಾರ. ಒಂದು ಕ್ರಿಯಾಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು.

ಪೊನ್ನಂಪೇಟೆಯ ನಮ್ಮ ಮನೆಯ ಬಚ್ಚಲಲ್ಲಿ ನಾನು ಕಪ್ಪು-ಬಿಳುಪು ಫೋಟೋ ಪ್ರಿಂಟ್ ಹಾಕುತ್ತೇನೆ. ಸಾಲಾಗಿ ಟ್ರೇ ಇಡುವಷ್ಟು ಜಾಗ ಇಲ್ಲ. ಅದಕ್ಕೇ ಡ್ರಮ್ಮು, ಅಂದರೆ ಬೆಳಕು ಒಳಗೆ ನುಗ್ಗದ, ಮುಚ್ಚಳವಿರುವ ಉರುಟು ಡಬ್ಬಿ. ಕೆಂಪು ದೀಪದಲ್ಲಿ, ನೆಗೆಟಿವ್ ಮೂಲಕ ಬೆಳಕು ಬಿದ್ದ ಕಾಗದವನ್ನು ಬಾಗಿಸಿ, ಬೆಳ್ಳಿಯ ಲವಣದ ಲೇಪವಿರುವ ಮಗ್ಗುಲು ಒಳಗೆ ಬರುವ ಹಾಗೆ ತೂರಿಸಿ ಮುಚ್ಚಳ ಹಾಕಿದರೆ ಆಯಿತು, ಆಮೇಲೆ ಲೈಟ್ ಹಾಕಿಕೊಂಡೇ ಕೆಲಸ ಮಾಡಬಹುದು. ಮುಚ್ಚಳದ ಬಾಯಿಂದ ಕೆಮಿಕಲ್ ಸುರಿದು, ಡ್ರಮ್ಮನ್ನು ಅಡ್ಡ ಮಲಗಿಸಿ ಮೇಜಿನ ಮೇಲೆ ಹಿಂದೆ ಮುಂದೆ ಉರುಳಿಸುತ್ತಾ ಇರಬೇಕು. 8×10 ಇಂಚಿನ ಕಾಗದಕ್ಕೆ 60-70 ಮಿ.ಲೀ. ಸಾಕು. ಮೋಟಾರಿನ ಮೇಲೆ ತಿರುಗುವ ಡ್ರಮ್ಮೂ ಇದೆ, ಆದರೆ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಕರೆಂಟನ್ನು ನಂಬಿ ಕೂರುವ ಹಾಗಿಲ್ಲ. ಕೈಯೇ ವಾಸಿ.

ಅಣ್ಣನ ಮಗಳು ತಾನೂ ಕಲಿಯುತ್ತೇನೆ ಅಂದಳು. ಮಾಡುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ‘ಡ್ರಮ್ಮಿಗೆ ಹಾಕಿ ಒಂದೂವರೆ ನಿಮಿಷ ತೊಳೆ, ಆಮೇಲೆ ಹುಳಿನೀರು, ಆಮೇಲೆ ಹೈಪೋ.’ ತೊಳೆ ಅಂದರೆ ಡೆವಲಪರ್‌ನಲ್ಲಿ, ಚಿತ್ರ ಕಾಣಿಸುವಂತೆ ಮಾಡುವ ಕೆಮಿಕಲ್‌ನಲ್ಲಿ, ಎಂದು ನನ್ನ ಲೆಕ್ಕ. ಅವಳು ನಲ್ಲಿ ನೀರು ಹಾಕಿ, ಗಡಿಯಾರ ನೋಡಿಕೊಂಡು ಸರಿಯಾಗಿ ಒಂದೂವರೆ ನಿಮಿಷ ಉರುಳಿಸಿದಳು. ಕೊನೆಗೆ ಮುಚ್ಚಳ ತೆಗೆದು ಕಾಗದ ಎಳೆದರೆ ಬರೀ ಬಿಳಿ. ಅಜ್ಜಿಯ ಮುಖ ಬರಬೇಕಾದ ಕಡೆ ಒಂದು ಚುಕ್ಕೆಯೂ ಇಲ್ಲ. ಬೆಳಕು ಬಿದ್ದ ಬೆಳ್ಳಿಯ ಲವಣ ಕಪ್ಪಾಗಬೇಕಾದರೆ ಡೆವಲಪರ್ ಬೇಕೇ ಬೇಕು. ಕಪ್ಪಾಗದೆ ಉಳಿದದ್ದನ್ನೆಲ್ಲ ಹೈಪೋ ಕರಗಿಸಿಬಿಡುತ್ತದೆ. ಹುಡುಗಿ ಹಾಳೆಯಲ್ಲಿ ಇದ್ದದ್ದನ್ನೇ ಮಾಡಿದ್ದಳು. ತಪ್ಪಿದ್ದು ಪದ.

‘ತೊಳೆ’ ನಾನು ಹುಟ್ಟಿಸಿದ್ದಲ್ಲ. ರೀಲಿನ ಕಾಲದಲ್ಲಿ ‘ಮದುವೆ ರೀಲ್ ತೊಳೆಸಿದ್ರಾ?’ ಎಂದೇ ಕೇಳುತ್ತಿದ್ದೆವು, ಅಲ್ವಾ? ಹಿಂದಿಯಲ್ಲೂ ‘ಧುಲ್ವಾನಾ’ ಅನ್ನುತ್ತಾರೆ. ಸ್ಟುಡಿಯೋಗೆ ಕೊಟ್ಟು ಬರುವವರಿಗೆ ಅಷ್ಟು ಸಾಕಿತ್ತು. ಮಾಡುವವನಿಗೆ ಸಾಲದು. ಹೈಪೋ ಆದ ಮೇಲೆ ನಿಜವಾಗಿಯೂ ನೀರಲ್ಲಿ ತೊಳೆಯುವುದು ಬೇರೆಯೇ ಇದೆ. ಒಂದೇ ಪದ ಎರಡು ಕೆಲಸಕ್ಕೆ ಬಂದರೆ ಹೀಗೇ ಆಗುವುದು.

‘ಅಭಿವೃದ್ಧಿಪಡಿಸು’ ಬೇಡವೇ ಬೇಡ. ಇಂಗ್ಲಿಷಿನ ಡೆವಲಪ್ ಪದಕ್ಕೂ ಮೂಲದಲ್ಲಿ ಸುತ್ತಿಟ್ಟದ್ದನ್ನು ಬಿಚ್ಚು ಎಂಬ ಅರ್ಥ. ಚಿತ್ರ ಆಗಲೇ ಕಾಗದದಲ್ಲಿ ಅಡಗಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅದು ಮೇಲೆ ಬರಬೇಕು. ಇದಕ್ಕೆ ನಮ್ಮ ‘ಮೂಡು’ ಎಷ್ಟು ಚೆನ್ನಾಗಿ ಒಗ್ಗುತ್ತದೆ ನೋಡಿ. ಸೂರ್ಯ ಮೂಡುತ್ತಾನೆ, ಮುಖದಲ್ಲಿ ನಗು ಮೂಡುತ್ತದೆ, ಕೆಸರಲ್ಲಿ ಹೆಜ್ಜೆ ಮೂಡುತ್ತದೆ. ಟ್ರೇಯಲ್ಲಿ ಕಾಗದ ಅಲುಗಿಸುತ್ತಾ ನಿಂತವರಿಗೆ ಗೊತ್ತು, ಮೊದಲು ಕೂದಲು, ಆಮೇಲೆ ಕಣ್ಣು, ಕೊನೆಗೆ ಕೆನ್ನೆಯ ನೆರಳು. ಮೂಡುವುದು ಅಂದರೆ ಅದೇ. ಹಾಗಾಗಿ ‘ಮೂಡಿಸು’, ಡೆವಲಪರ್‌ಗೆ ‘ಮೂಡುನೀರು’ ಎಂದು ಬರೆಯೋಣ ಅಂದುಕೊಂಡಿದ್ದೇನೆ.

ಒಂದೇ ಅಳುಕು. ಡ್ರಮ್ಮಿನಲ್ಲಿ ಮೂಡುವುದು ಕಾಣುವುದಿಲ್ಲ. ಗಡಿಯಾರ, 20 ಡಿಗ್ರಿಯ ನೀರು, ಕೈಯ ಲಯ, ಇವನ್ನು ನಂಬಿ ಉರುಳಿಸುವುದು. ತೆಗೆದಾಗ ಚಿತ್ರ ಮೂಡಿ ಆಗಿರುತ್ತದೆ. ಯಾರೂ ನೋಡದೆ ನಡೆದದ್ದಕ್ಕೆ ‘ಮೂಡು’ ಸಲ್ಲುತ್ತದೆಯೇ? ನನ್ನ ಕಿವಿಗೆ ಸಲ್ಲುತ್ತದೆ. ಮೋಡ ಕವಿದ ದಿನವೂ ಸೂರ್ಯ ಮೂಡಿದ ಅಂತಲೇ ಹೇಳುತ್ತೇವಲ್ಲ.

‘ತಿರುಗಿಸು’ ಬಿಟ್ಟು ‘ಉರುಳಿಸು’ ಇಟ್ಟುಕೊಂಡಿದ್ದೇನೆ. ಮುಚ್ಚಳವನ್ನೂ ತಿರುಗಿಸುತ್ತೇವೆ, ಗೊಂದಲ ಬೇಡ. ಡೆವಲಪರ್‌ನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್‌ಗೆ ‘ಹುಳಿನೀರು’ ಸಾಕು. ಅದು ನೀರು ಬೆರೆಸಿದ ಅಸಿಟಿಕ್ ಆಸಿಡ್. ಕಾಚಂಪುಳಿಯ, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿಯ, ಊರಲ್ಲಿ ಹುಳಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ‘ಹೈಪೋ’ ಹಾಗೇ ಇರಲಿ, ಸ್ಟುಡಿಯೋದವರೆಲ್ಲ ಅನ್ನುವುದು ಅದನ್ನೇ.

ನಮ್ಮೂರ ಕಡೆಯ ಹಳೆಯ ಸ್ಟುಡಿಯೋ ಒಂದರಲ್ಲಿ ಅಲ್ಲಿನವರು ಟ್ರೇ ಮುಂದೆ ನಿಂತು ‘ಬಂತು, ಬಂತು, ಇನ್ನೂ ಸ್ವಲ್ಪ ಬರ್ಲಿ’ ಅನ್ನುತ್ತಿದ್ದದ್ದು ನನಗೆ ನೆನಪಿದೆ. ‘ಬರು’ ಕೂಡ ಒಳ್ಳೆಯ ಮಾತೇ. ಆದರೆ ‘ನಿದ್ದೆ ಬರಿಸು’ ಅಂದ ಹಾಗೆ ‘ಚಿತ್ರ ಬರಿಸು’ ಅಂದರೆ ಒಪ್ಪುತ್ತದಾ? ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಡಾರ್ಕ್ ರೂಮಿನಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿದ್ದರೆ, ಆ ಒಂದೂವರೆ ನಿಮಿಷದ ಕೆಲಸಕ್ಕೆ ಅವರು ಏನನ್ನುತ್ತಿದ್ದರು ಎಂದು ದಯವಿಟ್ಟು ಕೇಳಿ ತಿಳಿಸಿ. ಹಾಳೆಯನ್ನು ಮತ್ತೆ ಬರೆಯಬೇಕು, ಹುಡುಗಿ ಕಾಯುತ್ತಿದ್ದಾಳೆ.