ಅಪ್‌ಡೇಟ್: ಚೆಕ್ ಎಂಜಿನ್ ದೀಪ ಕೊನೆಗೂ ಆರಿತು

ನನ್ನ ಪೆಟ್ರೋಲ್ ಕಾರು ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ, ಸ್ಕ್ಯಾನರ್ ಪಿ0171 ಕೋಡ್ ತೋರಿಸುತ್ತಿದೆ, ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಬದಲಿಸಿ ಅಂದಿದ್ದರು. ಸದ್ಯ, ಬದಲಿಸಲಿಲ್ಲ!

ನೀವು ಹೇಳಿದಂತೆ ಮೊದಲು ಫ್ಯೂಯೆಲ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಿದೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಶಾರ್ಟ್ (ಆ ಕ್ಷಣದ), ಲಾಂಗ್ (ದೀರ್ಘಾವಧಿಯ) ಟ್ರಿಮ್ ಎರಡೂ ಸೇರಿ +24%. ಆರ್‌ಪಿಎಂ 2500ಕ್ಕೆ ಏರಿಸಿದರೆ +6%. ಪೆಟ್ರೋಲ್ ಪಂಪ್ ಸೋತಿದ್ದರೆ ಆರ್‌ಪಿಎಂ ಏರಿದಂತೆ ಟ್ರಿಮ್ ಇನ್ನೂ ಹೆಚ್ಚಬೇಕಿತ್ತು, ಅಲ್ವಾ? ಹಾಗಾಗಿ ಎಲ್ಲೋ ಗಾಳಿ ಕದ್ದು ನುಗ್ಗುತ್ತಿದೆ ಅನ್ನಿಸಿತು.

ಬೇರೆ ಮೆಕ್ಯಾನಿಕ್ ಹತ್ತಿರ, ಸೋರುವ ಜಾಗದಿಂದ ಹೊರಬರಲಿ ಎಂದು ಎಂಜಿನ್‌ನ ಗಾಳಿದಾರಿಗೆ ಹೊಗೆ ಬಿಡಿಸಿ ನೋಡಿದೆವು. ಪಿಸಿವಿ ಹೋಸ್‌ನ (ಎಂಜಿನ್ ಒಳಗಿನ ಅನಿಲವನ್ನು ಮತ್ತೆ ಗಾಳಿದಾರಿಗೆ ಒಯ್ಯುವ ಕೊಳವೆ) ಕೆಳಮಗ್ಗುಲಲ್ಲಿ ಉದ್ದ ಬಿರುಕು! ಮೇಲಿನಿಂದ ಹೊಸದರಂತೆಯೇ ಕಾಣುತ್ತಿತ್ತು, ಕಳ್ಳ. ಹೋಸ್ ಬದಲಿಸಿ, ಕೋಡ್ ಅಳಿಸಿ ಎರಡು ವಾರ ಓಡಿಸಿದೆ. ಈಗ ಟ್ರಿಮ್ +2%, ನಡುಕವೂ ಇಲ್ಲ.