ಗೇಮ್ ಆಡಿದರೆ ತಲೆಸುತ್ತು: ಕ್ಯಾಮೆರಾ ಕೆಲಸದವರನ್ನೇ ಕೇಳಿ

ಅಡ್ಮಿನ್: ಈ ವಾರದ ಪ್ರಶ್ನೋತ್ತರಕ್ಕೆ ವಿದ್ಯಾ ಅವರು ಬಂದಿದ್ದಾರೆ. ಗೇಮ್‌ಗಳಲ್ಲಿ ಕ್ಯಾಮೆರಾ ಹೇಗೆ ಓಡಾಡಬೇಕು ಅನ್ನುವುದನ್ನು ಪ್ರೋಗ್ರಾಂ ಮಾಡುವುದೇ ಅವರ ಕೆಲಸ. ಆಡುವಾಗ ಬರುವ ತಲೆಸುತ್ತು, ವಾಕರಿಕೆ ಬಗ್ಗೆ ಕೇಳಿ. ಕೇಳುವ ಮುಂಚೆ ಮೇಲಿನ ಉತ್ತರಗಳನ್ನು ಓದಿ, ದಯವಿಟ್ಟು.

ಸುಷ್ಮಾ: ಮೇಡಂ, ಬಸ್ಸು, ದೋಣಿ ಏನು ಹತ್ತಿದರೂ ನನಗೆ ಏನೂ ಆಗುವುದಿಲ್ಲ. ಆದರೆ ಫಸ್ಟ್ ಪರ್ಸನ್ ಗೇಮ್ (ಪಾತ್ರದ ಕಣ್ಣಿನಿಂದಲೇ ನೋಡುತ್ತಾ ಆಡುವುದು) 15 ನಿಮಿಷ ಆಡಿದರೆ ಸಾಕು, ಹಣೆ ಬೆವರಿ ಹೊಟ್ಟೆ ತೊಳಸುತ್ತದೆ. ಪಕ್ಕದಲ್ಲಿ ಕೂತು ತಮ್ಮ ಆಡುವುದನ್ನು ನೋಡಿದರೆ ಇನ್ನೂ ಜಾಸ್ತಿ. ಯಾಕೆ?

ವಿದ್ಯಾ: ಬಸ್ಸಿನಲ್ಲಿ ಪುಸ್ತಕ ಓದುವಾಗ ಮೈ ಓಡುತ್ತಿರುತ್ತದೆ, ಕಣ್ಣು ನಿಂತಿರುತ್ತದೆ. ಗೇಮ್‌ನಲ್ಲಿ ಇದು ಉಲ್ಟಾ. ಕಣ್ಣು ‘ಓಡ್ತಾ ಇದೀವಿ’ ಅನ್ನುತ್ತದೆ, ಒಳಕಿವಿ ‘ಇಲ್ಲ, ಕುರ್ಚಿಯಲ್ಲೇ ಇದೀವಿ’ ಅನ್ನುತ್ತದೆ. ಆ ಜಗಳಕ್ಕೆ ಹೊಟ್ಟೆ ದಂಡ ಕಟ್ಟುತ್ತದೆ. ಒಳಕಿವಿಯ ಈ ಭಾಗ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಈ ತೊಂದರೆ ಬರುವುದೇ ಇಲ್ಲ. ಹಾಗಾಗಿ ಇದು ನಿಮ್ಮ ದೌರ್ಬಲ್ಯ ಅಲ್ಲ. ತಮ್ಮನಿಗೆ ತಾನು ಯಾವ ಕಡೆ ತಿರುಗುತ್ತೇನೆ ಅಂತ ಮೊದಲೇ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ. ಕಾರು ಓಡಿಸುವವನಿಗಿಂತ ಪಕ್ಕದಲ್ಲಿ ಕೂತವನಿಗೆ ವಾಂತಿ ಬರುತ್ತಲ್ವಾ, ಅದೇ ಲೆಕ್ಕ.

ಸೆಟ್ಟಿಂಗ್ಸ್‌ಗೆ ಹೋಗಿ ಹೆಡ್ ಬಾಬ್ (ನಡೆಯುವಾಗ ಕ್ಯಾಮೆರಾ ತಲೆಯಂತೆ ಕುಲುಕುವುದು), ಕ್ಯಾಮೆರಾ ಶೇಕ್ (ಅದು ಅದುರುವುದು), ಮೋಷನ್ ಬ್ಲರ್ (ಚಲಿಸುವಾಗ ಚಿತ್ರ ಮಸುಕಾಗುವುದು) ಮೂರನ್ನೂ ಆಫ್ ಮಾಡಿ. ಕೋಣೆಯ ದೀಪ ಹಾಕಿಕೊಂಡು ಸ್ವಲ್ಪ ಹಿಂದೆ ಸರಿದು ಕೂರಿ. ಆಕಳಿಕೆ, ಬೆವರು, ಬಾಯಲ್ಲಿ ನೀರೂರುವುದು ಶುರುವಾದ ತಕ್ಷಣ ನಿಲ್ಲಿಸಿ. ವಾಂತಿ ಬರುವವರೆಗೆ ಕಾಯಬೇಡಿ.

ರಘು: ಫೀಲ್ಡ್ ಆಫ್ ವ್ಯೂ (ಗೇಮ್ ಕ್ಯಾಮೆರಾಗೆ ಎಷ್ಟು ಡಿಗ್ರಿ ಅಗಲ ಕಾಣಬೇಕು ಅನ್ನುವುದು) 90 ಇಟ್ಟರೆ ಸಾಕಾ?

ವಿದ್ಯಾ: ಎಲ್ಲರಿಗೂ ಹೊಂದುವ ಒಂದು ನಂಬರ್ ಇಲ್ಲ. 24 ಇಂಚಿನ ಮಾನಿಟರ್‌ನಿಂದ 60 ಸೆಂಟಿಮೀಟರ್ ದೂರ ಕೂತರೆ ಅದು ನಿಮ್ಮ ಕಣ್ಣಿನ ಮುಂದೆ ಅಡ್ಡಕ್ಕೆ ಸುಮಾರು 48 ಡಿಗ್ರಿ ಜಾಗ ತುಂಬುತ್ತದೆ. ಸೋಫಾದಿಂದ ಟಿವಿ ನೋಡಿದರೆ ಇನ್ನೂ ಕಡಿಮೆ. ಟಿವಿಗೆ ಅಂತ 60ರ ಆಸುಪಾಸಿಗೆ ಇಟ್ಟ ಗೇಮನ್ನು ಮೇಜಿನ ಮುಂದೆ ಕೂತು ಆಡಿದರೆ ಕೊಳವೆಯೊಳಗಿಂದ ನೋಡುತ್ತಾ ನಡೆದಂಗೆ ಇರುತ್ತದೆ. 5 ಡಿಗ್ರಿಯಂತೆ ಏರಿಸುತ್ತಾ ಹೋಗಿ. ತೀರಾ ಏರಿಸಿದರೆ ಅಂಚುಗಳು ಎಳೆದಂತಾಗಿ ಅದೇ ಇನ್ನೊಂದು ಕಾಟ.

ಪ್ರಕಾಶ್: *ಫಾರ್ವರ್ಡ್ ಆಗಿ ಬಂದದ್ದು* ತಲೆಸುತ್ತಿಗೆ 100% ಪರಿಹಾರ! ಒಂದು ಕಿವಿಗೆ ಹತ್ತಿ ಇಟ್ಟು, ಶುಂಠಿ ಜಗಿದು, ಪ್ರಯಾಣದ ವಾಂತಿ ಮಾತ್ರೆ ಅರ್ಧ ಗಂಟೆ ಮುಂಚೆ ತಗೊಳ್ಳಿ. ಮಕ್ಕಳಿಗೂ ಕೊಡಬಹುದು. ಎಲ್ಲರಿಗೂ ಹಂಚಿ 🙏

ವಿದ್ಯಾ: ಹಂಚಬೇಡಿ. ಸಮತೋಲನದ ಅಂಗ ತಲೆಬುರುಡೆಯ ಮೂಳೆಯೊಳಗೆ ಇದೆ, ಹೊರಗೆ ಹತ್ತಿ ಇಟ್ಟರೆ ಅದಕ್ಕೆ ಗೊತ್ತೂ ಆಗುವುದಿಲ್ಲ. ಶುಂಠಿ ಬೇಕಾದರೆ ಜಗಿಯಿರಿ. ಮಾತ್ರೆ ಮಾತ್ರ ಬೇಡ. ಅವುಗಳಲ್ಲಿ ಹೆಚ್ಚಿನವು ಮಂಪರು ತರಿಸುತ್ತವೆ. ಗೇಮ್ ಆಡಲಿಕ್ಕೆ ಅಂತ ಮಗುವಿಗೆ ಮಾತ್ರೆ ಕೊಡುವುದಕ್ಕಿಂತ ಗೇಮ್ ನಿಲ್ಲಿಸುವುದು ಸುಲಭ ಅಲ್ವಾ?

ಕಿರಣ್: ನಮಸ್ಕಾರ ಮೇಡಂ. ನಾನು ಒಬ್ಬನೇ ಕೂತು ಎರಡು ವರ್ಷದಿಂದ ಒಂದು ಗೇಮ್ ಮಾಡುತ್ತಿದ್ದೇನೆ. ಹಳೇ ಮನೆಯೊಳಗೆ ಓಡಾಡಿ ಸುಳಿವು ಹುಡುಕುವುದು. ಓಟ ಇಲ್ಲ, ಗುಂಡು ಇಲ್ಲ. ಆದರೂ ಐದು ಜನರಿಗೆ ಆಡಲು ಕೊಟ್ಟರೆ ನಾಲ್ವರು ಮೆಟ್ಟಿಲು ಹತ್ತುವಾಗಲೇ ಬಿಟ್ಟರು. ಅಕ್ಕನಂತೂ ಹೋಗಿ ಮಲಗಿಬಿಟ್ಟಳು. ನನಗೆ ದಿನಕ್ಕೆ ಎಂಟು ಗಂಟೆ ಆಡಿದರೂ ಏನೂ ಆಗುವುದಿಲ್ಲ. ಯೂನಿಟಿ (ಗೇಮ್ ಕಟ್ಟುವ ಸಾಫ್ಟ್‌ವೇರ್), ಆಟಗಾರನಿಗೆ ಅದರ ರಿಜಿಡ್‌ಬಾಡಿ (ಫಿಸಿಕ್ಸ್ ಲೆಕ್ಕದಂತೆ ವಸ್ತುವನ್ನು ಚಲಿಸುವ ಭಾಗ), ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಗಟ್ಟಿಯಾಗಿ ಬರುತ್ತಿದೆ. ಎಲ್ಲಿ ತಪ್ಪಿದೆ?

ವಿದ್ಯಾ: ಕಿರಣ್, ಮೊದಲನೇ ತಪ್ಪು ಟೆಸ್ಟರ್‌ನದು, ಅಂದರೆ ನಿಮ್ಮದು. ಎರಡು ವರ್ಷ ನೋಡಿ ನೋಡಿ ನಿಮ್ಮ ಮೆದುಳು ಒಗ್ಗಿಹೋಗಿದೆ. ನಿಮ್ಮ ಗೇಮ್ ಬಗ್ಗೆ ಹೇಳಲು ನಿಮ್ಮಷ್ಟು ಕೆಟ್ಟ ಸಾಕ್ಷಿ ಇನ್ನೊಬ್ಬರಿಲ್ಲ.

ಎರಡನೆಯದು, ಒಂದು ಅಂದಾಜು. ಯೂನಿಟಿಯಲ್ಲಿ ಫಿಸಿಕ್ಸ್, ಅಂದರೆ ವಸ್ತುಗಳ ಚಲನೆಯ ಲೆಕ್ಕ, ನೀವು ಬದಲಿಸದಿದ್ದರೆ 0.02 ಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 50 ಸಲ ನಡೆಯುತ್ತದೆ. ಚಿತ್ರ ಬರುವುದು 60 ಸಲ. ಉಳಿದ 10 ಫ್ರೇಮ್‌ಗಳಲ್ಲಿ ಆಟಗಾರ ಇದ್ದಲ್ಲೇ ಇರುತ್ತಾನೆ. ಆದರೆ ಮೌಸ್‌ನಿಂದ ತಿರುಗುವುದು ಮಾತ್ರ ಪ್ರತಿ ಫ್ರೇಮ್‌ನಲ್ಲೂ ಆಗುತ್ತಿರುತ್ತದೆ. ನಡಿಗೆ ಸೆಕೆಂಡಿಗೆ ಹತ್ತು ಸಲ ಎಡವುತ್ತಿದೆ ಅಂತಾಯಿತು. ಫ್ರೇಮ್ ಮೀಟರ್ 60 ಅಂತಲೇ ತೋರಿಸುತ್ತದೆ, ಅದು ಸುಳ್ಳೂ ಅಲ್ಲ. ಗೋಡೆಯ ಹತ್ತಿರ ನಿಂತು ಪಕ್ಕಕ್ಕೆ ನಡೆಯುತ್ತಾ ಗೋಡೆಯ ಒಂದು ಬಿರುಕನ್ನೇ ನೋಡಿ. ಅದರ ಅಂಚು ಎರಡೆರಡಾಗಿ ನಡುಗಿದರೆ ಇದೇ ರೋಗ. ರಿಜಿಡ್‌ಬಾಡಿಯಲ್ಲಿ ಇಂಟರ್‌ಪೊಲೇಟ್ (ಎರಡು ಲೆಕ್ಕಗಳ ನಡುವಿನ ಜಾಗಗಳನ್ನು ತುಂಬುವುದು) ಆನ್ ಮಾಡಿ. ಕ್ಯಾಮೆರಾವನ್ನು ಲೇಟ್‌ಅಪ್‌ಡೇಟ್‌ನಲ್ಲಿ (ಪ್ರತಿ ಫ್ರೇಮ್‌ನ ಉಳಿದ ಅಪ್‌ಡೇಟ್ ಮುಗಿದ ಮೇಲಿನ ಹಂತ) ಸರಿಸಿ. ರಿಜಿಡ್‌ಬಾಡಿಯ ಟ್ರಾನ್ಸ್‌ಫಾರ್ಮ್ (ಜಾಗ, ದಿಕ್ಕು ಇಟ್ಟುಕೊಳ್ಳುವ ಭಾಗ) ಅನ್ನು ನೇರವಾಗಿ ತಿರುಗಿಸಬೇಡಿ, ಇಂಟರ್‌ಪೊಲೇಟ್ ಕೆಟ್ಟುಹೋಗುತ್ತದೆ.

ಮೂರನೆಯದು ಮೆಟ್ಟಿಲು. ಕೊಲೈಡರ್ (ಡಿಕ್ಕಿ ಲೆಕ್ಕ ಹಾಕುವ ಕಾಣದ ಆಕಾರ) ಒಂದೊಂದೇ ಮೆಟ್ಟಿಲು ಜಿಗಿದರೆ ಕ್ಯಾಮೆರಾವೂ ಟಕ್ ಟಕ್ ಅಂತ ಮೇಲೇಳುತ್ತದೆ. ಮೆಟ್ಟಿಲ ಮೇಲೆ ಕಣ್ಣಿಗೆ ಕಾಣದ ಇಳಿಜಾರು ಕೊಲೈಡರ್ ಹಾಕಿ. ನಮ್ಮ ಕತ್ತು, ಕಣ್ಣು ಸೇರಿ ನಡಿಗೆಯ ಕುಲುಕಾಟವನ್ನು ನಮಗೆ ಗೊತ್ತಾಗದ ಹಾಗೆ ಸರಿಮಾಡುತ್ತವೆ. ಗೇಮ್‌ನಲ್ಲಿ ‘ನೈಜವಾಗಿರಲಿ’ ಅಂತ ಅದನ್ನೇ ವಾಪಸ್ ತುಂಬುತ್ತೇವೆ.

ಇನ್ನು ಮೌಸ್‌ಗೆ ಸ್ಮೂತಿಂಗ್ ಹಾಕಿದ್ದೀರಾ? ಕೈ ನಿಂತ ಮೇಲೂ ಕ್ಯಾಮೆರಾ ಜಾರಿಕೊಂಡು ಹೋದರೆ ಅದು ನೋಡಲು ಸಿನಿಮಾದಂತೆ ಚೆಂದ, ಆಡಲು ವಿಷ. ಕೈ ಕೇಳದೆ ಕ್ಯಾಮೆರಾ ಎಲ್ಲೆಲ್ಲಿ ಅಲುಗುತ್ತದೋ ಅವನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ, ಒಂದೊಂದಕ್ಕೂ ಕಾರಣ ಕೇಳಿಕೊಳ್ಳಿ. ಪರದೆಯ ನಡುವೆ ಒಂದು ಸಣ್ಣ ಚುಕ್ಕೆ ಇಡಿ. ಮಿರರ್ಸ್ ಎಡ್ಜ್ ಅನ್ನುವ ಗೇಮ್ 2008ರಲ್ಲೇ ಇದನ್ನು ಮಾಡಿತ್ತು, ಕಣ್ಣಿಗೆ ಹಿಡಿದುಕೊಳ್ಳಲು ಒಂದು ಗೂಟ ಸಿಗುತ್ತದೆ. ಅಕ್ಕನಿಗೆ ಅದೇ ದಿನ ಮತ್ತೆ ಆಡಿಸಬೇಡಿ. ಒಮ್ಮೆ ಕೆಟ್ಟ ಹೊಟ್ಟೆ ಮುಂದಿನ ಬಿಲ್ಡ್ (ಗೇಮ್‌ನ ಹೊಸ ಆವೃತ್ತಿ) ಬಗ್ಗೆ ನಿಜ ಹೇಳುವುದಿಲ್ಲ.

ನವೀನ್: ಫೀಲ್ಡ್ ಆಫ್ ವ್ಯೂ ಎಷ್ಟಿರಬೇಕು ಮೇಡಂ?

ವಿದ್ಯಾ: ರಘು ಅವರಿಗೆ ಹೇಳಿದ್ದೇನೆ.

ಗಿರೀಶ್: ಇದೆಲ್ಲಾ ಸುಮ್ನೆ. ನನಗೂ ಆಗುತ್ತಿತ್ತು. ಹಲ್ಲು ಕಚ್ಚಿಕೊಂಡು ಒಂದು ವಾರ ಆಡಿದೆ, ಹೋಯಿತು. ಸೂಕ್ಷ್ಮ ಜನ ಲೂಡೋ ಆಡಲಿ.

ಸುಷ್ಮಾ: ಗಿರೀಶ್ ಅವರೇ, ನಿಮಗೆ ಹೋಯಿತು ಅಂದರೆ ಎಲ್ಲರಿಗೂ ಹೋಗಬೇಕಾ?

ಗಿರೀಶ್: ಎಲ್ಲ ಆಫ್ ಮಾಡಿದರೆ ಆಟದಲ್ಲಿ ಉಳಿಯುವುದೇನು ರೀ? ಡಿಸೈನರ್‌ಗಳು ನಿಮ್ಮೊಬ್ಬರಿಗೋಸ್ಕರ ಗೇಮ್ ಸಪ್ಪೆ ಮಾಡಬೇಕಾ?

ರಘು: ಆಯ್ಕೆ ಕೊಡಿ ಅಂತ ಕೇಳಿದ್ದು, ನಿಮ್ಮದನ್ನು ಕಿತ್ತುಕೊಳ್ಳಿ ಅಂತ ಅಲ್ಲ. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ತಗೊಂಡರೆ ಈ ಸಮಸ್ಯೆಯೇ ಇಲ್ಲ.

ಗಿರೀಶ್: ಅದೂ ಸುಳ್ಳು. ನಾನು 60ರಲ್ಲೇ ಆಡುತ್ತೇನೆ.

ರಘು: ಅದಕ್ಕೇ ಹೀಗೆ ಮಾತಾಡ್ತೀರಿ.

ವಿದ್ಯಾ: ಇಬ್ಬರದೂ ಅರ್ಧ ಸರಿ. ಒಗ್ಗುವುದು ನಿಜ, ಆದರೆ ಅದಕ್ಕೆ ದಿನಾ ಐದೋ ಹತ್ತೋ ನಿಮಿಷ ಆಡಿ, ಕೆಡುವ ಮುಂಚೆ ಎದ್ದುಬಿಡಬೇಕು. ಹಲ್ಲು ಕಚ್ಚಿಕೊಂಡು ಆಡಿದ ಕೆಲವರಿಗೆ ಕೊನೆಗೆ ಆ ಗೇಮ್‌ನ ಶುರುವಿನ ಸಂಗೀತ ಕೇಳಿದರೇ ವಾಕರಿಕೆ ಬರುತ್ತದೆ. 144 ಹರ್ಟ್ಸ್‌ನಲ್ಲಿ ತೋರಿಸಿದರೂ ಹೆಡ್ ಬಾಬ್ ಹೆಡ್ ಬಾಬೇ.

ಅನಿತಾ: ವಿಆರ್ (ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ) ಗೇಮ್ ವಿನ್ಯಾಸ ಕಲಿಯುತ್ತಿದ್ದೇನೆ. ಅಲ್ಲಿ ಏನು ಬೇರೆ?

ವಿದ್ಯಾ: ಅಲ್ಲಿ ತಪ್ಪಿಗೆ ಕ್ಷಮೆ ಕಡಿಮೆ. ತಲೆ ತಿರುಗಿದ 20 ಮಿಲಿಸೆಕೆಂಡಿನೊಳಗೆ ಚಿತ್ರ ತಿರುಗಿರಬೇಕು. ಆಟಗಾರನ ತಲೆಯನ್ನು ನೀವು ಯಾವತ್ತೂ ತಿರುಗಿಸಬೇಡಿ, ಕಟ್‌ಸೀನ್‌ನಲ್ಲೂ (ಆಟದ ನಡುವೆ ಬರುವ ಕಥೆಯ ದೃಶ್ಯ). ಒಂದೇ ವೇಗದಲ್ಲಿ ಸಾಗುವುದನ್ನು ಮೈ ಸಹಿಸುತ್ತದೆ, ವೇಗ ಏರಿಳಿದರೆ ಸಹಿಸುವುದಿಲ್ಲ, ಯಾಕೆಂದರೆ ಒಳಕಿವಿ ಅಳೆಯುವುದೇ ವೇಗದ ಬದಲಾವಣೆಯನ್ನು. ಅದಕ್ಕೇ ಒಂದು ಜಾಗದಿಂದ ಇನ್ನೊಂದಕ್ಕೆ ಒಮ್ಮೆಲೇ ಹಾರುವ ಟೆಲಿಪೋರ್ಟ್, 30 ಅಥವಾ 45 ಡಿಗ್ರಿ ಒಮ್ಮೆಲೇ ತಿರುಗುವ ಸ್ನ್ಯಾಪ್ ಟರ್ನ್. ಚಲಿಸುವಾಗ ಅಂಚುಗಳನ್ನು ಕಪ್ಪು ಮಾಡುವ ಉಪಾಯವೂ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನು ಮೆಲ್ಲಗೆ ಮಾಡಿ ನೋಡಿದಾಗ ಹೆಚ್ಚಿನವರಿಗೆ ನೋಟ ಕಿರಿದಾದದ್ದೇ ಗೊತ್ತಾಗಲಿಲ್ಲ.

ಸಂತೋಷ್: ಯಾವ ಹೆಡ್‌ಸೆಟ್ ಕೊಂಡರೆ ಒಳ್ಳೆಯದು?

ಲತಾ: ನಾನು ವಿಆರ್ ಆಡುವುದನ್ನು ಬಿಟ್ಟು ಮೂರು ವಾರ ಆಯಿತು. ಈಗಲೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಕೋಣೆ ಗಿರ್ ಅಂತ ಸುತ್ತುತ್ತದೆ. ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು, ಫೋನ್ ಆ ಕಡೆ ಹಿಡಿದರೆ ಸರಿಯಾಗಿ ಕೇಳಿಸುವುದಿಲ್ಲ. ಹೆಡ್‌ಸೆಟ್‌ನಿಂದ ಆಗಿರುವುದಾ?

ವಿದ್ಯಾ: ಲತಾ ಅವರೇ, ನಾನು ಡಾಕ್ಟರ್ ಅಲ್ಲ. ಆದರೆ ಇಷ್ಟು ಹೇಳಬಲ್ಲೆ: ಗೇಮ್ ತಂದ ತಲೆಸುತ್ತು ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ, ಹೆಚ್ಚೆಂದರೆ ಮರುದಿನಕ್ಕೆ ಇಳಿಯುತ್ತದೆ. ಮೂರು ವಾರ ಉಳಿದರೆ, ಅದರ ಜೊತೆ ಒಂದೇ ಕಿವಿಯಲ್ಲಿ ಸದ್ದು, ಕೇಳಿಸದಿರುವುದು ಸೇರಿದರೆ, ಗೇಮನ್ನು ಬೈಯುತ್ತಾ ಕೂರಬೇಡಿ. ಕಿವಿ, ಮೂಗು, ಗಂಟಲು ತಜ್ಞರ ಹತ್ತಿರ ಇವತ್ತೇ ಹೋಗಿ. ಕೆಲವು ಬಗೆಯ ಕಿವುಡಿಗೆ ಬೇಗ ಚಿಕಿತ್ಸೆ ಸಿಕ್ಕರೆ ಮಾತ್ರ ಉಪಯೋಗ. ಮೂರು ವಾರ ಆಗಲೇ ಕಳೆದಿದೆ. ಸುತ್ತು ಎಷ್ಟು ಸೆಕೆಂಡು ಇರುತ್ತದೆ, ಯಾವ ಮಗ್ಗುಲಿಗೆ ಬರುತ್ತದೆ, ಕೇಳಿಸುವುದು ಯಾವಾಗ ಕಡಿಮೆ ಆಯಿತು, ಬರೆದುಕೊಂಡು ಹೋಗಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ, ಏಣಿ ಹತ್ತಬೇಡಿ. ಮಾತು ತೊದಲಿದರೆ, ಎಲ್ಲ ಎರಡೆರಡಾಗಿ ಕಂಡರೆ, ಒಂದು ಕಡೆಯ ಕೈಕಾಲು ಸೋತರೆ ನೇರ ತುರ್ತು ವಿಭಾಗಕ್ಕೆ.

ಪ್ರಕಾಶ್: ಲತಾ ಸಿಸ್ಟರ್, ಕಿವಿಗೆ ಎರಡು ಹನಿ ಬಿಸಿ ಎಣ್ಣೆ ಬಿಡಿ. ನಮ್ಮ ಇನ್ನೊಂದು ಗುಂಪಿನಲ್ಲಿ ಬಂದಿತ್ತು, ತುಂಬಾ ಜನಕ್ಕೆ ವಾಸಿಯಾಗಿದೆ.

ವಿದ್ಯಾ: ಬಿಡಬೇಡಿ. ಪ್ರಕಾಶ್, ಒಬ್ಬರ ಕಿವಿ ಹೋಗುತ್ತಿರಬಹುದು, ನೀವು ಎಣ್ಣೆ ಕಾಯಿಸುತ್ತಿದ್ದೀರಿ. ಆ ಮೆಸೇಜ್ ಅಳಿಸಿ.

ಪ್ರಕಾಶ್: ಒಳ್ಳೆಯದಕ್ಕೆ ಹೇಳಿದರೆ ಹೀಗಾ? ನೀವೂ ಡಾಕ್ಟರ್ ಅಲ್ಲ ಅಂತ ನೀವೇ ಹೇಳಿದಿರಿ.

ವಿದ್ಯಾ: ಹೌದು. ಅದಕ್ಕೇ ಡಾಕ್ಟರ್ ಹತ್ತಿರ ಕಳಿಸಿದೆ.

ಅಡ್ಮಿನ್: ಮೆಸೇಜ್ ಅಳಿಸಲಾಗಿದೆ.

ಸಂತೋಷ್: ಹೆಡ್‌ಸೆಟ್ ಯಾವುದು ಅಂತ ಯಾರೂ ಹೇಳಲಿಲ್ಲ??

ಮಂಜುಳಾ: ಗೇಮ್ ಆಡಿದರೆ ತಲೆ ಸುತ್ತುತ್ತದೆ ಮೇಡಂ, ಏನಾದರೂ ಮಾತ್ರೆ ಇದೆಯಾ?

ವಿದ್ಯಾ: ಮೇಲೆ ಓದಿ.

ಕಿರಣ್: ಮೇಡಂ, ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಬಿರುಕು ನಡುಗುತ್ತಿತ್ತು, ನೀವು ಹೇಳಿದ ಹಾಗೇ. ಇಂಟರ್‌ಪೊಲೇಟ್ ಆನ್ ಮಾಡಿದೆ, ಇಳಿಜಾರು ಹಾಕಿದೆ. ಆಡುವಾಗ ನನಗೇನೂ ವ್ಯತ್ಯಾಸ ಗೊತ್ತಾಗಲಿಲ್ಲ.

ವಿದ್ಯಾ: ನಿಮಗೆ ಗೊತ್ತಾಗುವುದಿಲ್ಲ ಅಂತಲೇ ಹೇಳಿದ್ದು. ಅಕ್ಕ?

ಕಿರಣ್: ಅಕ್ಕ 40 ನಿಮಿಷ ಆಡಿದಳು. ಮಹಡಿಯ ಎಲ್ಲ ಕೋಣೆ ನೋಡಿದಳು. ಬಾಗಿಲು ತೆರೆಯುವಾಗ ಮಾತ್ರ ಪ್ರತಿ ಸಲ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅಲ್ಲಿ ಕ್ಯಾಮೆರಾ ತಾನಾಗಿಯೇ ಹಿಡಿಕೆಯ ಕಡೆ ತಿರುಗುತ್ತದೆ, 0.4 ಸೆಕೆಂಡ್ ಅಷ್ಟೇ. ಆ ಅನಿಮೇಷನ್‌ಗೆ ಒಂದು ತಿಂಗಳು ಹಿಡಿದಿತ್ತು. ಅದನ್ನೂ ತೆಗೆಯಬೇಕಾ?

ವಿದ್ಯಾ: ತೆಗೆಯಿರಿ.